ಬಸುರಿನ ನಡುವಣ ತಿಂಗಳುಗಳು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆ ಬಸುರಿಗೆ ಐದನೆಯ ಇಲ್ಲವೆ ಏಳನೆಯ ತಿಂಗಳಲ್ಲಿ ಕುಬುಸ ಮಾಡುವರು. ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ, ಆರತಿ! ಹಿರಿಯರು ಆರಿಸಿದ ಕಾಲ ತಕ್ಕುದೇ ಆಗಿದೆ. ಆ ಹೊತ್ತಿಗೆ ವಾಕರಿಕೆ ಸಾಮಾನ್ಯವಾಗಿ ಇಳಿದಿರುತ್ತದೆ; ಬಾಯಿಗೆ ರುಚಿ ಮರಳಿರುತ್ತದೆ. ಆದರೆ ಮೈ ಹಗುರಾಯಿತೆಂದು ಮೈಮರೆಯುವ ಕಾಲ ಇದಲ್ಲ.

ಕಡೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನೆಣಿಸಿರಿ. 20ನೆಯ ವಾರಕ್ಕೆ ಗರ್ಭಕೋಶದ ಮೇಲಂಚು ಹೊಕ್ಕಳಿನ ಮಟ್ಟ ಮುಟ್ಟುತ್ತದೆ. ಆಗ ಕೂಸು ಗೇಣಿಗಿಂತ ತುಸು ಉದ್ದ. ತೂಕ ಸುಮಾರು 300 ಗ್ರಾಂ. ಚೊಚ್ಚಲ ಬಸುರಿಯಾದರೆ 18ರಿಂದ 20ನೆಯ ವಾರದಲ್ಲಿ, ಮುಂದಿನ ಬಸುರಿನಲ್ಲಿ ಒಂದೆರಡು ವಾರ ಮೊದಲೇ, ಅದರ ಮಿಸುಕಾಟ ತಿಳಿಯುತ್ತದೆ. 25ನೆಯ ವಾರದ ಸುಮಾರಿಗೆ ಹೊರಗಿನ ಸದ್ದೂ ಅದಕ್ಕೆ ಕೇಳಿಸತೊಡಗುತ್ತದೆ. 28ನೆಯ ವಾರಕ್ಕೆ ತೂಕ ಸುಮಾರು ಒಂದು ಕಿಲೋ. ಎಂಟೇ ವಾರಗಳಲ್ಲಿ ಮೂರುಪಟ್ಟು!

ಈ ಬೆಳವಣಿಗೆಗೆಲ್ಲ ಆಧಾರ ತಾಯಿಯ ರಕ್ತ. ಬಸುರಿನಲ್ಲಿ ಅದರ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಆದರೆ ನೀರಿನ ಭಾಗ ಬೇಗ ಏರಿ, ಕೆಂಪು ಕಣಗಳು ಹಿಂದೆ ಬೀಳುತ್ತವೆ. ಕಬ್ಬಿಣದ ಅಂಶವೂ ಸಾಲದಿದ್ದರೆ ರಕ್ತಹೀನತೆ ತಪ್ಪದು.

ಇದರ ಬೆಲೆ ತಿಳಿಯುವುದು ಹೆರಿಗೆಯ ದಿನ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ತಾಯಂದಿರಲ್ಲಿ ಒಂದು ಅಧ್ಯಯನ ನಡೆಯಿತು. ಹೆರಿಗೆಯಾದೊಡನೆ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ, ಪಡೆಯದವರಲ್ಲಿ 12 ಮಂದಿಗೆ, ಅರ್ಧ ಲೀಟರು ಇಲ್ಲವೆ ಹೆಚ್ಚು ರಕ್ತ ಹೋಗಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಮೊದಲೇ ರಕ್ತ ಕಡಿಮೆಯಿದ್ದವಳು ಅಷ್ಟು ನಷ್ಟವನ್ನು ತಾಳುವುದು ಹೇಗೆ? ರಕ್ತ ಕೂಡಿಸಿಕೊಳ್ಳಲು ಈ ನಡುವಣ ತಿಂಗಳುಗಳೇ ಸಕಾಲ.

ಹೀಮೊಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ನಮ್ಮ ಸರಕಾರದ ಮಾರ್ಗಸೂಚಿಯಂತೆ ಅದು ರಕ್ತಹೀನತೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ನುಂಗಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಮಲ ಕಪ್ಪಾದರೆ ಅಂಜಬೇಡಿರಿ. ಮಾತ್ರೆಯಿಂದ ಕೂಸು ಕಪ್ಪಾಗುವುದೆಂಬ ಮಾತಿನಲ್ಲಿ ಹುರುಳಿಲ್ಲ. ಅದನ್ನು ಚಹದೊಡನೆಯಾಗಲಿ, ಸುಣ್ಣಾಂಶದ ಗುಳಿಗೆಯೊಡನೆಯಾಗಲಿ ನುಂಗಬೇಡಿರಿ. ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಶೇಂಗಾ ಚಟ್ನಿ ಇರಲಿ. ಮೇಲೆ ಲಿಂಬೆಹುಳಿ ಹಿಂಡಿರಿ, ಕಬ್ಬಿಣ ಮೈಗೆ ಹತ್ತುತ್ತದೆ. 18ರಿಂದ 20ನೆಯ ವಾರದೊಳಗೆ ಸ್ಕ್ಯಾನ್ ಮಾಡಿಸಿರಿ.

ಎದೆಯುರಿ, ಬೆನ್ನುನೋವು, ಮಲಬದ್ಧತೆ ಈ ಕಾಲದಲ್ಲಿ ಸಾಮಾನ್ಯ. ಆದರೆ ರಕ್ತ ಕಂಡರೆ, ನೀರು ಸೋರಿದರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಬಾತರೆ, ಮಿಸುಕಾಟ ಕಡಿಮೆಯಾದರೆ ಮನೆಮದ್ದು ಮಾಡುತ್ತ ಕೂಡಬೇಡಿರಿ. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಿರಿ.

ಅತ್ತೆಯವರೇ, ಕುಬುಸದ ದಿನ ಸೊಸೆಯ ಉಡಿ ತುಂಬುವಿರಿ. ಅದಕ್ಕೆ ಮುಂಚೆ, “ತಂಗೀ, ನಿನ್ನ ರಕ್ತ ಎಷ್ಟೈತಿ?” ಎಂದೊಮ್ಮೆ ಕೇಳಿರಿ. ಗೊತ್ತಿಲ್ಲವೆಂದರೆ ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಿರಿ.