ಮಗಳ ಆಟಕ್ಕೆ ಮನೆಯ ಬಲ

(ಶಿರಂಗಾಲದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತುಗಳು)



ಕಾಲೇಜಿಗೆ ಹೋಗುವ ಮಗಳು ಮನೆಗೆ ಬಂದು, "ವಿಶ್ವವಿದ್ಯಾಲಯದ ಟೇಕ್ವಾಂಡೊ ತಂಡಕ್ಕೆ ಆಯ್ಕೆಯಾಗಿದ್ದೇನೆ" ಎಂದರೆ ನಾವು ಮೊದಲು ಏನನ್ನುತ್ತೇವೆ? "ಒದೆಯೋದು, ಗುದ್ದೋದು ಹೆಣ್ಣುಮಕ್ಕಳಿಗೆ ಯಾಕವ್ವ? ಕೈಕಾಲು ಮುರಿದರೆ ನಾಳೆ ಯಾರು ಮದುವೆ ಆಗ್ತಾರೆ?" ಎನ್ನುತ್ತೇವೆ. ತಾಯಿ ಇದನ್ನು ಭಯದಿಂದ ಕೇಳುತ್ತಾಳೆ. ಆ ಭಯವನ್ನು ಹಗುರವಾಗಿ ಕಾಣಬಾರದು, ಉತ್ತರ ಕೊಡಬೇಕು.

ಟೇಕ್ವಾಂಡೊ ಕೊರಿಯಾದ ಕಲೆ. 'ಟೇ' ಎಂದರೆ ಕಾಲು, 'ಕ್ವಾನ್' ಎಂದರೆ ಮುಷ್ಟಿ, 'ಡೊ' ಎಂದರೆ ದಾರಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಪದಕದ ಕ್ರೀಡೆಯಾಯಿತು. ಗಂಡಸರಿಗೆ 4 ತೂಕದ ವಿಭಾಗ, ಹೆಂಗಸರಿಗೂ 4. ಆಟಗಾರ್ತಿಯ ಮೈಗೆ ಕವಚವಿರುತ್ತದೆ, ತಲೆಗೆ ರಕ್ಷಣೆಯಿರುತ್ತದೆ. ಮುಷ್ಟಿಯಿಂದ ಕವಚಕ್ಕೆ ಹೊಡೆದರೆ 1 ಅಂಕ, ಒದ್ದರೆ 2, ತಲೆಗೆ ಒದೆ ತಾಗಿದರೆ 3. ಮುಖಕ್ಕೆ ಗುದ್ದುವಂತಿಲ್ಲ, ಸೊಂಟದ ಕೆಳಗೆ ಒದೆಯುವಂತಿಲ್ಲ, ಬಿದ್ದವರನ್ನು ಹೊಡೆಯುವಂತಿಲ್ಲ. ತಪ್ಪಿದರೆ ಅಂಕ ಎದುರಾಳಿಗೆ ಹೋಗುತ್ತದೆ. ಆಟದ ಮೊದಲೂ ಕೊನೆಯಲ್ಲೂ ಎದುರಾಳಿಗೆ ತಲೆಬಾಗಬೇಕು. ಸಿಟ್ಟು ಬಂದವರು ಇಲ್ಲಿ ಗೆಲ್ಲುವುದು ಕಷ್ಟ.

ಪೆಟ್ಟೇ ಆಗುವುದಿಲ್ಲ ಎಂದು ನಾನು ಹೇಳಲಾರೆ. ಹರಿಯಾಣದ ಅರುಣಾ ತನ್ವರ್ ಪ್ಯಾರಾಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಟೇಕ್ವಾಂಡೊ ಆಟಗಾರ್ತಿ. 2021ರಲ್ಲಿ ಟೋಕಿಯೊದಲ್ಲಿ ಗಾಯಗೊಂಡು ಹಿಂದೆ ಸರಿದರು. 2024ರಲ್ಲಿ ಪ್ಯಾರಿಸ್‌ಗೆ ಮತ್ತೆ ಹೋದರು.

ಪೆಟ್ಟಿಗಿಂತ ನನಗೆ ಹೆಚ್ಚು ಚಿಂತೆ ತೂಕದ್ದು. ಕೆಳಗಿನ ವಿಭಾಗದಲ್ಲಿ ಆಡುವ ಆಸೆಗೆ ಊಟ ಬಿಡುವುದು, ನೀರು ಬಿಡುವುದು, ಇದು ದೇಹಕ್ಕೆ ಮಾಡುವ ದ್ರೋಹ. ಮಗಳೇ, ಮುದ್ದೆ, ಕಾಳು, ಸೊಪ್ಪು, ಮೊಸರು ಬಿಡಬೇಡ. ನಿನ್ನ ಸಹಜ ತೂಕದ ವಿಭಾಗದಲ್ಲೇ ಆಡು. ತಿಂಗಳ ಮುಟ್ಟು ತಪ್ಪಿದರೆ ಮುಚ್ಚಿಡದೆ ಅಮ್ಮನಿಗೂ ವೈದ್ಯರಿಗೂ ಹೇಳು. ಸೂತಕವನ್ನು 12ನೇ ಶತಮಾನದಲ್ಲೇ ತಳ್ಳಿಹಾಕಿದ ಶರಣರ ಮಕ್ಕಳಿಗೆ ಈ ಮಾತಿನಲ್ಲಿ ನಾಚಿಕೆ ಯಾಕೆ?

ತಂದೆತಾಯಿಗಳೇ, ಬೇಡ ಎನ್ನುವ ಮೊದಲು ಒಂದು ದಿನ ಕಾಲೇಜಿಗೆ ಹೋಗಿ. ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಾಣಿ. ಕಲಿಸುವವರು ಯಾರು, ಹೊರಊರಿಗೆ ಹೋಗುವಾಗ ತಂಡದ ಜೊತೆ ಮಹಿಳೆಯೊಬ್ಬರು ಇರುತ್ತಾರೆಯೇ, ಗಾಯವಾದರೆ ನೋಡುವವರು ಯಾರು ಎಂದು ಕೇಳಿ. ಇದು ಅನುಮಾನವಲ್ಲ, ನಿಮ್ಮ ಹಕ್ಕು. ಉತ್ತರ ಸರಿಯಿದ್ದರೆ ಧೈರ್ಯವಾಗಿ ಕಳಿಸಿಕೊಡಿ.

ನಮ್ಮ ಇದೇ ರಸ್ತೆಯಲ್ಲಿ ಕೂಡಿಗೆಯ ಕ್ರೀಡಾಶಾಲೆಯಿದೆ. ಓಟಗಾರ್ತಿ ಅಶ್ವಿನಿ ನಾಚಪ್ಪನವರ ಜಿಲ್ಲೆ ಇದು. ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯುವುದು ಕೊಡಗಿಗೆ ಹೊಸದಲ್ಲ.

ಮಗಳು ಪದಕವಿಲ್ಲದೆ ಬಂದರೆ "ಹೋಗಿದ್ದು ದಂಡ" ಎನ್ನಬೇಡಿ. ದಿನವೂ ಬೆಳಿಗ್ಗೆ ಎದ್ದು ಬೆವರು ಸುರಿಸಿದ್ದು ಕಾಯಕವೇ. ಬಡಿಸಿದ ಊಟದ ಜೊತೆ, "ಹೆಂಗಾಡಿದೆ, ಹೇಳವ್ವ" ಎಂದು ಕೇಳಿ. ಅಷ್ಟು ಸಾಕು, ಅವಳು ಮತ್ತೆ ಆಡುತ್ತಾಳೆ.