ಬ್ಯಾಂಕಿನ ಲೆಕ್ಕ ಮನೆ ಬದಲಿಸಿದಾಗ

ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಪಂಚಾಂಗ ನೋಡುವುದು ನಮ್ಮಲ್ಲಿ ವಾಡಿಕೆ. ಮನೆ ಮುಗಿದ ಮೇಲೆ ದಿನ ನೋಡುವುದು ವಿವೇಕಿಗಳ ಕ್ರಮ. ಆದರೆ ಮುಹೂರ್ತ ಮೀರಿಹೋಗುತ್ತದೆಂದು ಗಾರೆ ಒಣಗುವ ಮೊದಲೇ ಹಾಲು ಉಕ್ಕಿಸಿಬಿಡುವವರೂ ಉಂಟು. ಮೊದಲ ಮಳೆಯ ರಾತ್ರಿ ಅವರ ಪಾಡನ್ನು ನೀವು ಕಂಡಿರಬಹುದು. ಬ್ರಿಟನ್ನಿನ ಟಿ.ಎಸ್.ಬಿ. ಎಂಬ ಬ್ಯಾಂಕು 2018ರಲ್ಲಿ ಸುಮಾರು 52 ಲಕ್ಷ ಗಿರಾಕಿಗಳನ್ನು ಕಟ್ಟಿಕೊಂಡು ಇಂಥದೇ ಒಂದು ಗೃಹಪ್ರವೇಶ ಮಾಡಿತು.

ಈ ಬ್ಯಾಂಕು ಮೊದಲು ಲಾಯ್ಡ್ಸ್ ಎಂಬ ದೊಡ್ಡ ಬ್ಯಾಂಕಿನ ಮಡಿಲಲ್ಲಿತ್ತು. 2013ರಲ್ಲಿ ಬೇರೆಯಾಯಿತು, 2015ರಲ್ಲಿ ಸ್ಪೇನ್ ದೇಶದ ಸಬಾಡೆಲ್ ಬ್ಯಾಂಕು ಅದನ್ನು ಕೊಂಡುಕೊಂಡಿತು. ಬೇರೆಯಾದರೂ ಒಲೆ ಮಾತ್ರ ಹಳೆಯ ಮನೆಯದೇ. ಲೆಕ್ಕಪತ್ರಗಳೆಲ್ಲ ಲಾಯ್ಡ್ಸ್‌ನ ಗಣಕಯಂತ್ರಗಳಲ್ಲಿಯೇ ನಡೆಯುತ್ತಿದ್ದವು. ಅದಕ್ಕೆ ವರ್ಷ ವರ್ಷವೂ ಭಾರಿ ಹಣ ತೆರಬೇಕಾಗಿತ್ತು. ಸಬಾಡೆಲ್ ತನ್ನದೇ ಒಂದು ಏರ್ಪಾಡನ್ನು ಬ್ರಿಟನ್ನಿಗೆ ಹೊಂದುವಂತೆ ತಿದ್ದಿಸಿ, ಎಲ್ಲರ ಲೆಕ್ಕವನ್ನೂ ಅಲ್ಲಿಗೆ ಸಾಗಿಸಲು ನಿಶ್ಚಯಿಸಿತು.

ಲೆಕ್ಕ ಸಾಗಿಸುವುದು ಎಂದರೇನು? ಖಾತೆಯೆಂಬುದು ಬರಿಯ ಜಮಾ ಖರ್ಚಿನ ಅಂಕಿಯಲ್ಲ. ತಿಂಗಳ ಮೊದಲಿಗೆ ಬರುವ ಸಂಬಳ, ಗೊತ್ತಾದ ತಾರೀಖಿಗೆ ತಾನಾಗಿ ಕಳೆದುಹೋಗುವ ಮನೆಸಾಲದ ಕಂತು, ವಿಮೆಯ ಹಣ, ಸಹಿಯ ಮಾದರಿ, ನಮ್ಮ ತರುವಾಯ ಹಣ ಯಾರಿಗೆ ಸೇರಬೇಕೆಂಬ ಬರಹ, ಇವೆಲ್ಲವೂ ಅದಕ್ಕೆ ಅಂಟಿಕೊಂಡಿವೆ. ಒಂದು ಎಳೆ ಹಿಡಿದು ಎಳೆದರೆ ಹತ್ತು ಎಳೆ ಬರುತ್ತವೆ.

ಓಲೆಗರಿಯನ್ನು ಪ್ರತಿಮಾಡುವಾಗ ಲಿಪಿಕಾರನ ಕೈ ತಪ್ಪಿ ಪಾಠಾಂತರಗಳು ಹುಟ್ಟುವಂತೆ ಇಲ್ಲಿಯೂ ಅಂಕಿಗಳು ಕೆಟ್ಟವೇನೋ ಎಂದು ನೀವು ಊಹಿಸಬಹುದು. ಆಶ್ಚರ್ಯವೆಂದರೆ, ಲೆಕ್ಕಗಳು ಬಹುಮಟ್ಟಿಗೆ ಸರಿಯಾಗಿಯೇ ಹೊಸ ಮನೆಗೆ ಬಂದು ಸೇರಿದ್ದವು. ಗ್ರಂಥಗಳು ಬಂದವು, ಗ್ರಂಥಾಲಯದ ಬಾಗಿಲು ತೆರೆಯಲಿಲ್ಲ. 2018ರ ಏಪ್ರಿಲ್ 20, ಶುಕ್ರವಾರ ಸಂಜೆ ಹಳೆಯ ಬಾಗಿಲು ಮುಚ್ಚಿದರು. 22, ಭಾನುವಾರ ಸಂಜೆ ಹೊಸದನ್ನು ತೆರೆದರು. ಜನ ಒಳಗೆ ಬರತೊಡಗಿದೊಡನೆ ಯಂತ್ರಗಳು ತಡವರಿಸಿದವು. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯ ಬಾಗಿಲೇ ಬಂದಾಯಿತು. ಕೆಲವರಿಗೆ ತಮ್ಮ ಖಾತೆಯ ಬದಲು ಯಾರೋ ಅಪರಿಚಿತರ ಖಾತೆ ತೆರೆದುಕೊಂಡಿತು. ಶಾಖೆಗೆ ಓಡಿದರೆ ಅಲ್ಲಿನ ಗುಮಾಸ್ತರ ಮುಂದಿದ್ದದ್ದೂ ಅದೇ ಕೆಟ್ಟ ಯಂತ್ರ. ಕೈಯಲ್ಲಿ ಹಣವಿದ್ದೂ ಬಾಡಿಗೆ ಕೊಡಲಾಗದವನ ಸ್ಥಿತಿಯನ್ನು ಯೋಚಿಸಿ ನೋಡಿ. ಬ್ಯಾಂಕು ಪೂರ್ಣವಾಗಿ ಮೊದಲಿನಂತಾದದ್ದು ಡಿಸೆಂಬರಿನಲ್ಲಿ. ಎಂಟು ತಿಂಗಳ ಮೇಲೆ.

ಹೀಗೇಕಾಯಿತು? ಬ್ಯಾಂಕಿನ ಆಡಳಿತ ಮಂಡಲಿಯೇ ನ್ಯಾಯವಾದಿಗಳಿಂದ ವಿಚಾರಣೆ ಮಾಡಿಸಿತು. ಅದರ ವರದಿ 2019ರ ನವೆಂಬರಿನಲ್ಲಿ ಹೊರಬಂತು. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮುಹೂರ್ತದ ಸಂಗತಿ. ಕೆಲಸವೆಷ್ಟು ಎಂದು ಅಳೆದು ದಿನ ಗೊತ್ತುಮಾಡುವ ಬದಲು, ದಿನವನ್ನು ಮೊದಲು ಇಟ್ಟುಕೊಂಡು ಕೆಲಸವನ್ನು ಅದರೊಳಕ್ಕೆ ತುರುಕಿದರು. ಮೊದಲಿಟ್ಟ ದಿನ 2017ರ ನವೆಂಬರ್. ಅದು ಸಾಧ್ಯವಿಲ್ಲವೆಂದು ತಿಳಿದಾಗ ಕೆಲವೇ ತಿಂಗಳು ಮುಂದೂಡಿದರು. ಕೆಲಸ ಇಷ್ಟು ಹಿಂದೆ ಬಿದ್ದಿರುವಾಗ ಈ ಕೆಲವು ತಿಂಗಳು ಹೇಗೆ ಸಾಕಾದೀತೆಂದು ಮಂಡಲಿಯಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗನಾದರೂ ಕೇಳುತ್ತಿದ್ದ ಪ್ರಶ್ನೆ ಅದು!

ಎರಡನೆಯದು ಪರೀಕ್ಷೆಯ ಸಂಗತಿ. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಯಂತ್ರಾಗಾರಗಳು ಎರಡಿದ್ದವು. ಎರಡೂ ಜೊತೆಯಾಗಿ ನಡೆಯಬೇಕಾದವು. ಆದರೆ ಭಾರ ಹೊರಿಸಿ ನೋಡಿದ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಒಂದು ಎತ್ತನ್ನು ನಡೆಸಿ ನೋಡಿ ಜೋಡಿಯನ್ನು ಗಾಡಿಗೆ ಹೂಡಿದಂತಾಯಿತು. ಮೇಲಾಗಿ ಬಹುತೇಕ ಎಲ್ಲ ಗಿರಾಕಿಗಳನ್ನೂ ಒಂದೇ ವಾರದ ಕೊನೆಯಲ್ಲಿ ಸಾಗಿಸಿದರು. ಸ್ವಲ್ಪ ಸ್ವಲ್ಪವಾಗಿ ಸಾಗಿಸಿದ್ದರೆ ಕೆಲವು ಸಾವಿರ ಜನರ ತೊಂದರೆಯಲ್ಲಿಯೇ ಪಾಠ ಸಿಗುತ್ತಿತ್ತು. ಹೊಸ ಮನೆಯಲ್ಲಿ ಒಮ್ಮೆ ವಹಿವಾಟು ನಡೆಯತೊಡಗಿತೆಂದರೆ ಹಿಂದಿರುಗುವುದೂ ಕಷ್ಟ. ಹಳೆಯ ಪುಸ್ತಕದಲ್ಲಿ ಆ ವಹಿವಾಟು ಇರುವುದೇ ಇಲ್ಲ.

ಪ್ರಧಾನಾಧಿಕಾರಿ ಪಾಲ್ ಪೆಸ್ಟರ್ ಅದೇ ಸೆಪ್ಟೆಂಬರಿನಲ್ಲಿ ಹುದ್ದೆ ಬಿಟ್ಟರು. ಬ್ಯಾಂಕು ಗಿರಾಕಿಗಳಿಗೆ 3 ಕೋಟಿ 27 ಲಕ್ಷ ಪೌಂಡು ಪರಿಹಾರ ಕೊಟ್ಟಿತು. 2022ರ ಡಿಸೆಂಬರಿನಲ್ಲಿ ನಿಯಂತ್ರಣಾಧಿಕಾರಿಗಳು ವಿಧಿಸಿದ ದಂಡ 4 ಕೋಟಿ 86 ಲಕ್ಷ 50 ಸಾವಿರ ಪೌಂಡು.

ನಮಗೂ ಇದು ದೂರದ ಮಾತಲ್ಲ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಆ ಖಾತೆಗಳೆಲ್ಲ ಯಂತ್ರದಿಂದ ಯಂತ್ರಕ್ಕೆ ಮನೆ ಬದಲಿಸಿದವೇ. ಸಿಂಡಿಕೇಟ್ ಶಾಖೆಗಳ ಹಳೆಯ ಐ.ಎಫ್.ಎಸ್.ಸಿ. ಸಂಕೇತಗಳು 2021ರ ಜುಲೈಯಿಂದ ನಡೆಯದಾದಾಗ, ಪಿಂಚಣಿದಾರರು ಹೊಸದನ್ನು ಬರೆದುಕೊಳ್ಳಬೇಕಾಯಿತು.

ಆದುದರಿಂದ ನಿಮ್ಮ ಬ್ಯಾಂಕಿನಿಂದ ಇಂಥ ಪ್ರಕಟಣೆ ಬಂದರೆ, ಗೊತ್ತಾದ ದಿನಕ್ಕೆ ಮೊದಲು ಪಾಸ್‌ಬುಕ್ಕಿನಲ್ಲಿ ಕೊನೆಯ ಸಾಲಿನವರೆಗೂ ಬರೆಯಿಸಿಕೊಳ್ಳಿ. ತಾನಾಗಿ ಕಳೆಯುವ ಕಂತುಗಳ ಪಟ್ಟಿಯನ್ನು ಕೈಯಾರೆ ಬರೆದಿಟ್ಟು, ಬದಲಾವಣೆಯಾದ ಮೇಲೆ ಒಂದೊಂದನ್ನೂ ತಾಳೆ ನೋಡಿ. ವಾರದ ಖರ್ಚಿಗಾಗುವಷ್ಟು ನಗದು ಮನೆಯಲ್ಲಿರಲಿ. ಆ ದಿನಗಳಲ್ಲಿ ಬ್ಯಾಂಕಿನ ಹೆಸರು ಹೇಳಿ ಗುಪ್ತಸಂಖ್ಯೆ ಕೇಳುವ ಫೋನು ಬಂದರೆ ಮಾತು ಬೆಳೆಸದೆ ಇಟ್ಟುಬಿಡಿ, ಟಿ.ಎಸ್.ಬಿ.ಯ ಗೊಂದಲದ ವಾರಗಳಲ್ಲಿ ಮೋಸಗಾರರ ಕೈಗೆ ಸಿಕ್ಕಿ ಹಣ ಕಳೆದುಕೊಂಡವರೂ ಇದ್ದರು.