ಯೋಗವೂ ಕ್ಷೇಮವೂ



ಕಾಗದ ಬರೆಯುವಾಗಲೆಲ್ಲ 'ಯೋಗಕ್ಷೇಮ' ಎಂದು ಬರೆಯುತ್ತೇವೆ, ಅರ್ಥವನ್ನು ವಿಚಾರಿಸುವುದಿಲ್ಲ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಬಿಡಿಸಿ ಹೇಳುತ್ತಿದ್ದರು. ಪ್ರಜೆಗಳಿಗೆ ಅನ್ನ, ಬೆಳಕು, ಸಂಚಾರ ಒದಗಿಸುವುದು ಕಲ್ಯಾಣರಾಜ್ಯದ ಯೋಗ. ಗಾಳಿ, ನೀರು, ಋತುಮಾನಗಳು ಕೆಡದಂತೆ ಕಾಯುವುದು ಅದರ ಕ್ಷೇಮ. ಒಂದೇ ಪದವಾಗಿದ್ದುದನ್ನು ನಾವು ಈಗ ಒಡೆದು ಎರಡು ಇಲಾಖೆಗಳಿಗೆ ಹಂಚಿದ್ದೇವೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲು. ನಮ್ಮ ದಾಸೋಹದ ಅಡಿಗೆಮನೆಗೆ ಕೆಂಗೇರಿ ಕಡೆಯಿಂದ ಬರುವ ತಾಯಿಯೊಬ್ಬರದು ಶೀಟಿನ ಮನೆ. "ಮಧ್ಯಾಹ್ನ ಒಳಗೆ ಇರೋಕಾಗಲ್ಲ ಬುದ್ಧಿ, ಮಗೂನ ಎತ್ಕೊಂಡು ಬೇವಿನ ಮರದ ಕೆಳಗೆ ಕೂತ್ಕೋತೀವಿ" ಎಂದರು. ಈ ತಾಪವನ್ನು ಏರಿಸಿದುದರಲ್ಲಿ ಆಕೆಯ ಪಾಲೆಷ್ಟು? ಅನುಭವಿಸುವುದರಲ್ಲಿ ಮಾತ್ರ ಮೊದಲ ಪಾಲು ಆಕೆಯದೇ.

ಅದೇ ತಾಯಿ ಹಿಂದೆ ಬಸ್ಸಿನ ಕಾಸು ಉಳಿಸಲೆಂದು ನಾಯಂಡಹಳ್ಳಿಯಲ್ಲೇ ಇಳಿದು ವಿಜಯನಗರಕ್ಕೆ ನಡೆದು ಬರುತ್ತಿದ್ದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲೇ ಬರುತ್ತಾರೆ. ಇದನ್ನು ಕೇಳಿದ ನಿವೃತ್ತ ಅಧಿಕಾರಿಯೊಬ್ಬರು, "ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಸ್ವಾಮೀಜಿ" ಎಂದರು. ಅವರು ರಾಜಾಜಿನಗರದಿಂದ ಬಂದದ್ದು ಒಬ್ಬರೇ, ಕಾರಿನಲ್ಲಿ. ನಾವು ನಕ್ಕು ಸುಮ್ಮನಾದೆವು.

ಆದರೆ, ಉಚಿತ ಬಸ್ಸಿನಿಂದ ಹೊಗೆ ಕಡಿಮೆಯಾಯಿತೆಂದು ಕೊಂಡಾಡುವವರದೂ ಅವಸರದ ಮಾತೇ. ನಡೆದು ಬರುತ್ತಿದ್ದ ತಾಯಿ ಯಾವ ಹೊಗೆಯನ್ನು ಬಿಟ್ಟಿದ್ದರು? ಸ್ಕೂಟರಿನವನು ಸ್ಕೂಟರನ್ನು ಮನೆಯಲ್ಲಿ ಬಿಟ್ಟಾಗ ಹೊಗೆ ತಗ್ಗುತ್ತದೆ. ಅದಕ್ಕೆ ಬಸ್ಸು ಹೊತ್ತಿಗೆ ಬರಬೇಕು, ನಿಲ್ಲಲಾದರೂ ಜಾಗವಿರಬೇಕು. ಟಿಕೆಟ್ಟಿನ ಹಣವನ್ನು ಬಿಟ್ಟುಕೊಟ್ಟು ಬಸ್ಸುಗಳನ್ನು ಹೆಚ್ಚಿಸದಿದ್ದರೆ, ಬಾಗಿಲಲ್ಲಿ ಜೋತಾಡುವ ಹುಡುಗ ನಾಳೆ ಸಾಲ ಮಾಡಿಯಾದರೂ ಬೈಕು ಕೊಳ್ಳುತ್ತಾನೆ. 2021ರ ಡಿಸೆಂಬರಿನಿಂದ ನಗರದಲ್ಲಿ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಉಚಿತ ಟಿಕೆಟ್ಟಿನ ಜೊತೆಜೊತೆಗೆ ಅವು ಬೆಳೆಯಬೇಕು. ಮೆಟ್ರೋ ಅದೇ ವರ್ಷದ ಆಗಸ್ಟಿನಲ್ಲಿ ಕೆಂಗೇರಿಯನ್ನು ಮುಟ್ಟಿತು, ಸಂತೋಷ. ಆದರೆ 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಹೊಗೆಯಿಲ್ಲದ ಬಂಡಿ ಬಡವರ ಕೈಗೆ ಎಟುಕದಾದರೆ ಕ್ಷೇಮವು ಯೋಗವನ್ನು ಬಿಟ್ಟು ನಡೆದಂತಾಯಿತು.

ಇನ್ನು ಗೃಹಜ್ಯೋತಿ. ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಉಚಿತವಾಗಿ ಕೊಡುವ ಲೆಕ್ಕ ಅದರದು. ಇನ್ನೂರು ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು; ಈ ಗಡಿ ಒಳ್ಳೆಯದೇ. ಆದರೂ ನೋಡಿ: 180 ಉರಿಸುತ್ತಿದ್ದ ಮನೆಗೆ 198 ಉಚಿತ, 60 ಉರಿಸುತ್ತಿದ್ದ ಮನೆಗೆ 66. ಹೆಚ್ಚು ಉರಿಸಿದವನಿಗೇ ಹೆಚ್ಚು ಕಾಣಿಕೆ! ಉಳಿಸಿದವನಿಗೆ ಏನೂ ಇಲ್ಲ. ರಾಯಚೂರು, ಬಳ್ಳಾರಿಗಳಲ್ಲಿ ಉರಿಯುವ ಕಲ್ಲಿದ್ದಲಿನ ಲೆಕ್ಕವನ್ನು ಇಲ್ಲಿ ಯಾರೂ ಕೇಳಿದಂತಿಲ್ಲ. 2024ರಲ್ಲಿ ಬಂದ ಕೇಂದ್ರದ ಯೋಜನೆಯು ಮಾಳಿಗೆಯ ಮೇಲಿನ ಸೌರಫಲಕಕ್ಕೆ 78,000 ರೂಪಾಯಿಯವರೆಗೆ ಸಹಾಯಧನ ಕೊಡುತ್ತದೆ. ಸ್ವಂತ ಮಾಳಿಗೆಯುಳ್ಳವರಿಗೆ ಅದು ಸರಿ. ವಠಾರದ ಬಾಡಿಗೆದಾರರು ಫಲಕವನ್ನು ಎಲ್ಲಿ ಹಾಸಬೇಕು?

ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೌರವಿದ್ಯುತ್ತು ಉತ್ಪಾದನೆಯಾಗುತ್ತಿದೆ. ಅಲ್ಲಿ ರೈತರ ಭೂಮಿಯನ್ನು ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಕೊಟ್ಟು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಸುವ ಕರಾರು ಮಾಡಿಕೊಂಡರು. ಬರಗಾಲದ ನಾಡಿನಲ್ಲಿ ಅದು ದೊಡ್ಡ ಆಸರೆ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಅವರ ಕಾಯಕವನ್ನು ತೆಗೆದುಕೊಂಡ ಮೇಲೆ ಬೇರೊಂದು ಕಾಯಕವನ್ನು ಕೊಡುವ ಹೊಣೆಯನ್ನೂ ಅದೇ ಕರಾರಿನಲ್ಲಿ ಬರೆಯಬೇಕಿತ್ತು.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ನಮ್ಮ ಮಾತೂ ಬರಬೇಕಷ್ಟೆ. ಜಾತ್ರೆಯಲ್ಲಿ ಮಠದ ಗೋಪುರಕ್ಕೆ ಮೂರು ರಾತ್ರಿ ಸೀರಿಯಲ್ ಲೈಟು ಹಾಕಿಸಿದವರು ನಾವೇ. ಈ ವರ್ಷ ಅದು ಬೇಡವೆಂದು ಕಾರ್ಯದರ್ಶಿಗಳಿಗೆ ತಿಳಿಸಿದ್ದೇವೆ. ಆ ಹಣದಲ್ಲಿ ಆ ತಾಯಿಯ ಶೀಟಿನ ಮೇಲೆ ತೆಂಗಿನ ಗರಿಯ ಹೊದಿಕೆ ಹಾಕಿಸಿ, ಅವರ ಸಾಲಿನ ಮನೆಗಳಿಗೂ ಹಾಗೆಯೇ ಮಾಡಿಸಬೇಕೆಂದಿದ್ದೇವೆ. ಗರಿ ಕೊಡಬಲ್ಲವರು ಕಚೇರಿಯಲ್ಲಿ ಹೆಸರು ಬರೆಸಿ.

ಹೊತ್ತಾಯಿತು. ಕೆಂಗೇರಿಯ ಬಸ್ಸು ಹಿಡಿಯಬೇಕಾದ ತಾಯಂದಿರು ಮೊದಲು ಪ್ರಸಾದಕ್ಕೆ ಕುಳಿತುಕೊಳ್ಳಲಿ.